ಎಳೆಯುವ ಗಾಡಿಗೂ ಬಿಸಿಲ ಗಾಡಿಗೂ ನಂಟು

ದಿಲ್ಲಿ–ಜೈಪುರ ಹೆದ್ದಾರಿಯ ಮಾನೇಸರ್ ಅಂದರೆ ಕಾರು ತಯಾರಾಗುವ ಊರು. ವಾಹನ ಪರೀಕ್ಷಿಸುವ 'ಐಕ್ಯಾಟ್' ಸಂಸ್ಥೆಯೂ ಅಲ್ಲೇ ಇದೆ. ಬಿಸಿಲಿಗಂತೂ ಬರವಿಲ್ಲ. ಅಲ್ಲಿಂದ ಸೋಲಾರ್ ಟ್ರೇಲರೊಂದನ್ನು ಕಾರಿಗೆ ಕಟ್ಟಿಕೊಂಡು ಹೊರಟಿರಿ ಅನ್ನಿ. ಎರಡು ಬ್ಯಾಟರಿಗೂ ನೇರ ವೈರು ಎಳೆದರಾಯಿತಲ್ಲ ಅನಿಸುತ್ತದೆ. ಆಗುವುದಿಲ್ಲ!

ಮೇ ತಿಂಗಳ ಸೆಕೆಗೆ ಟ್ರೇಲರಿನ ಫ್ಯಾನು ರಾತ್ರಿಯಿಡೀ ತಿರುಗಿ ಕಾರಿನ ಬ್ಯಾಟರಿಯನ್ನೂ ಕುಡಿದುಬಿಡುತ್ತದೆ. ಬೆಳಿಗ್ಗೆ ಕೀಲಿ ತಿರುಗಿಸಿದರೆ 'ಟಿಕ್' ಅಷ್ಟೇ. (ಟ್ರೇಲರ್ ಸಮೇತ ತಳ್ಳುವವರು ಯಾರು ಸ್ವಾಮಿ?) ಅದಕ್ಕೇ ನಡುವೆ ರಿಲೇ ಬೇಕು: ಇಂಜಿನ್ ಓಡುವಾಗ ಮಾತ್ರ ಜೋಡಿಸಿ, ನಿಂತೊಡನೆ ಬಿಡಿಸುವಂಥದ್ದು.

ಇನ್ನೊಂದು ಪೇಚು ವೈರಿನದು. 1.5 ಚದರ ಮಿಲಿಮೀಟರಿನ ತಾಮ್ರದ ವೈರು, ಹೋಗಿಬರಲು 12 ಮೀಟರ್, ಹರಿಯುವುದು 10 ಆಂಪಿಯರ್ ಎಂದಿಟ್ಟುಕೊಂಡರೆ ದಾರಿಯಲ್ಲೇ ಸುಮಾರು 1.4 ವೋಲ್ಟ್ ಸೋರಿಹೋಗುತ್ತದೆ. ಆಲ್ಟರ್ನೇಟರ್ ಕೊಟ್ಟ 14 ವೋಲ್ಟ್ 12.6ಕ್ಕೆ ಇಳಿದರೆ ಬ್ಯಾಟರಿ ತುಂಬುವುದೆಂತು? ದಪ್ಪ ವೈರೇ ಬೇಕು. ಟ್ರೇಲರಿನದು ಲಿಥಿಯಂ ಬ್ಯಾಟರಿಯಾದರೆ ರಿಲೇ ಬದಲು ಡಿ.ಸಿ.–ಡಿ.ಸಿ. ಚಾರ್ಜರ್ ಮೇಲು, ಅದು ಇಳಿದ ವೋಲ್ಟನ್ನು ಏರಿಸುತ್ತದೆ, ಆಲ್ಟರ್ನೇಟರನ್ನು ಮಿತಿಮೀರಿ ಹಿಂಡಲೂ ಬಿಡದು. ಬಿಸಿಲ ಕರೆಂಟು ತನ್ನದೇ ಕಂಟ್ರೋಲರ್ ಮೂಲಕ ಟ್ರೇಲರಿನ ಬ್ಯಾಟರಿಗೆ ಸೇರಲಿ.

ಫ್ಯೂಸ್ ಮಾತ್ರ ಎರಡೂ ತುದಿಗೆ, ಬ್ಯಾಟರಿಗಳ ಪಕ್ಕದಲ್ಲೇ ಇರಬೇಕು. ಒಂದು ಸಾಕು ಅನ್ನುವ ಮೇಸ್ತ್ರಿಗಳಿದ್ದಾರೆ, ನಂಬಬೇಡಿ. ವೈರು ಉಜ್ಜಿ ಉಜ್ಜಿ ಚಾಸಿಗೆ ತಾಗಿದರೆ ಎರಡೂ ಕಡೆಯಿಂದ ಕರೆಂಟು ನುಗ್ಗುತ್ತದೆ. ಒಂದು ಕಡೆ ಫ್ಯೂಸ್ ಹೋದರೂ, ಫ್ಯೂಸಿಲ್ಲದ ಕಡೆಯ ಬ್ಯಾಟರಿ ವೈರನ್ನು ಕೆಂಪಗೆ ಕಾಯಿಸುತ್ತಲೇ ಇರುತ್ತದೆ.