ಮನೆಯಲ್ಲಿ ದುಡಿಮೆ, ಮನೆಯಲ್ಲಿ ಕಲಿಕೆ

ನಮ್ಮ ಗ್ರಾಮಗಳಲ್ಲಿ ಮನೆಯೆಂಬುದು ಕೇವಲ ವಾಸಸ್ಥಾನವಲ್ಲ. ಅದು ದುಡಿಮೆಯ ಸ್ಥಳವೂ ಆಗಿರುತ್ತದೆ. ನವಲಗುಂದದ ಹೆಸರಾಂತ ಜಮಖಾನೆಗಳನ್ನು ಸ್ತ್ರೀಯರೇ ತಲೆಮಾರುಗಳಿಂದ ನೇಯುತ್ತ ಬಂದಿದ್ದಾರೆ. ಕಲಘಟಗಿಯ ಬಣ್ಣದ ತೊಟ್ಟಿಲುಗಳು ಕುಶಲಕರ್ಮಿಗಳ ಮನೆಯಂಗಳದಲ್ಲಿ ಸಿದ್ಧವಾಗುತ್ತವೆ. ಕುಂದಗೋಳ, ಅಣ್ಣಿಗೇರಿಗಳ ಕಡೆ ಹೊಲಿಗೆ, ಕಸೂತಿ, ರೊಟ್ಟಿ ಬಡಿಯುವುದು, ಎಮ್ಮೆ ಸಾಕುವುದು, ಮೆಣಸಿನಕಾಯಿಯ ತೊಟ್ಟು ಬಿಡಿಸುವುದು ಮುಂತಾದ ಕೆಲಸಗಳು ಮನೆಯಲ್ಲಿಯೇ ನಡೆಯುತ್ತವೆ. ಇಂತಹ ಮನೆಗಳಲ್ಲಿ ತಾಯಿತಂದೆಯರು ಮಕ್ಕಳ ಕಣ್ಣೆದುರಿಗೇ ಇರುತ್ತಾರೆ. ಆದರೆ ಕಣ್ಣೆದುರಿಗಿರುವುದು ಬೇರೆ, ಕಲಿಸುವುದು ಬೇರೆ. ದುಡಿಯುತ್ತಲೇ ಕಲಿಸುವುದು ಹೇಗೆ, ಅದರ ಮಿತಿಯೇನು, ಅದಕ್ಕೂ ಕುಟುಂಬ ಕಲ್ಯಾಣಕ್ಕೂ ಇರುವ ಸಂಬಂಧವೇನು ಎಂಬುದನ್ನು ದಂಪತಿಗಳಿಬ್ಬರೂ ಅರಿತಿರುವುದು ಅವಶ್ಯಕ.

ಶಾಲೆ ಮುಚ್ಚಿದಾಗ ತಿಳಿದುಬಂದ ಸಂಗತಿ

ಕೋವಿಡ್ ರೋಗದ ಕಾರಣ 2020ರ ಮಾರ್ಚ್ ತಿಂಗಳಲ್ಲಿ ಶಾಲೆಗಳು ಮುಚ್ಚಲ್ಪಟ್ಟವು. ನಮ್ಮ ರಾಜ್ಯದಲ್ಲಿ 1ರಿಂದ 5ನೆಯ ತರಗತಿಯ ಮಕ್ಕಳಿಗೆ ಶಾಲೆಯ ಬಾಗಿಲು ಪುನಃ ತೆರೆದದ್ದು 2021ರ ಅಕ್ಟೋಬರ್ 25ರಂದು. ಈ ನಡುವೆ ದೂರದರ್ಶನದ ಚಂದನ ವಾಹಿನಿಯಲ್ಲಿ ಪಾಠಗಳು ಪ್ರಸಾರವಾದವು. ವಿದ್ಯಾಗಮ ಯೋಜನೆಯಡಿ ಶಿಕ್ಷಕರು ಕೆಲಕಾಲ ಊರೂರಿಗೆ ಬಂದು, ಗುಡಿಯ ಕಟ್ಟೆಯ ಮೇಲೆ, ಮರದ ನೆರಳಿನಲ್ಲಿ ಮಕ್ಕಳನ್ನು ಕೂಡಿಸಿ ಕಲಿಸಿದರು. ಉಳಿದ ಹೊತ್ತೆಲ್ಲ ಕಲಿಕೆಯ ಭಾರ ಮನೆಯ ಮೇಲೆಯೇ ಬಿತ್ತು. ಆಗ ಎರಡು ಸಂಗತಿಗಳು ಸ್ಪಷ್ಟವಾದವು. ದಿನವೂ ಸ್ವಲ್ಪ ಹೊತ್ತು ಹಿರಿಯರು ಜೊತೆಗೆ ಕುಳಿತ ಮನೆಯಲ್ಲಿ ಮಗು ಓದುಬರಹವನ್ನು ಪೂರ್ತಿಯಾಗಿ ಮರೆಯಲಿಲ್ಲ. ಆದರೂ ಶಾಲೆಯ ಸ್ಥಾನವನ್ನು ಮನೆಯೊಂದೇ ತುಂಬಲಾರದು.

ದುಡಿಮೆಯೇ ಪಾಠವಾಗುವ ಬಗೆ

ಮಗುವಿನ ಮೆದುಳು ಮೊದಲ ಐದಾರು ವರ್ಷಗಳಲ್ಲಿ ಅತಿ ಶೀಘ್ರವಾಗಿ ಬೆಳೆಯುತ್ತದೆ. ಈ ಬೆಳವಣಿಗೆಗೆ ಪೌಷ್ಟಿಕ ಆಹಾರ ಎಷ್ಟು ಅವಶ್ಯಕವೋ, ಹಿರಿಯರ ಮಾತುಕತೆಯೂ ಅಷ್ಟೇ ಅವಶ್ಯಕ. ಆದುದರಿಂದ ಕೈಗಳು ಕೆಲಸದಲ್ಲಿದ್ದರೂ ಬಾಯಿ ಮಗುವಿನೊಡನೆ ಮಾತನಾಡುತ್ತಿರಲಿ. ಕಸೂತಿಯಲ್ಲಿ ಬಟ್ಟೆಯ ಎಳೆಗಳನ್ನು ಎಣಿಸಿಯೇ ಗವಂತಿ, ಮುರ್ಗಿ ಹೊಲಿಗೆಗಳನ್ನು ಹಾಕಬೇಕಾಗುತ್ತದೆ. ತಾಯಿ ಗಟ್ಟಿಯಾಗಿ ಎಣಿಸಿದರೆ ಮಗುವಿಗೆ ಲೆಕ್ಕ ತಾನಾಗಿಯೇ ಬರುತ್ತದೆ. ರೊಟ್ಟಿಗಳನ್ನು ಹತ್ತುಹತ್ತರಂತೆ ಒಟ್ಟಿಸಿ ಕೂಡಿಸುವುದು, ಡೇರಿಗೆ ಕೊಟ್ಟ ಹಾಲಿನ ಲೀಟರುಗಳನ್ನು ಪುಸ್ತಕದಲ್ಲಿ ಓದಿಸುವುದು, ಜಮಖಾನೆಯ ಬಣ್ಣಗಳನ್ನು ಹೆಸರಿಸುವುದು, ಇವೆಲ್ಲವೂ ಪಾಠಗಳೇ.

ಆದರೆ ಸೂಜಿ, ಕತ್ತರಿ, ಕಾದ ಹಂಚು, ಬಣ್ಣದ ಡಬ್ಬಿ ಇವು ಮಗುವಿನ ಕೈಗೆ ಎಟುಕದಂತಿರಬೇಕು. ಮೆಣಸಿನಕಾಯಿಯ ಘಾಟು ಕಣ್ಣಿಗೂ ಉಸಿರಾಟಕ್ಕೂ ತೊಂದರೆ ಕೊಡುವುದರಿಂದ ಆ ಕೆಲಸದ ಬಳಿ ಮಕ್ಕಳನ್ನು ಕೂಡಿಸಬಾರದು.

ಶಾಲೆಗೆ ಹೋಗುವ ಮಗುವಿಗಾಗಿ ದಿನಕ್ಕೆ ಎರಡು ಸಲ ಕೆಲಸವನ್ನು ಬದಿಗಿಡಿರಿ. ಸಂಜೆ ಅರ್ಧ ಗಂಟೆ ತಾಯಿ, ರಾತ್ರಿ ಊಟವಾದ ಮೇಲೆ ಅರ್ಧ ಗಂಟೆ ತಂದೆ ಜೊತೆಗೆ ಕುಳಿತರೆ ಸಾಕು. ಓದು ಬಾರದವರೂ ಕಲಿಸಬಲ್ಲರು. ಮಗು ಪುಸ್ತಕವನ್ನು ಗಟ್ಟಿಯಾಗಿ ಓದಲಿ, ನೀವು ಕೇಳಿರಿ. ಓದಿದ್ದರ ಅರ್ಥವೇನೆಂದು ವಿಚಾರಿಸಿರಿ. ಕೇಳುವವರಿದ್ದಾರೆಂಬ ಭರವಸೆಯೇ ಮಗುವನ್ನು ಓದಲು ಕೂಡಿಸುತ್ತದೆ.

ಬೈಯುವ ಮುನ್ನ ಪರೀಕ್ಷಿಸಿ

ಎಷ್ಟು ಹೇಳಿದರೂ ಕಲಿಯದ ಮಗುವನ್ನು ದಡ್ಡನೆಂದು ಹೊಡೆಯುವುದು ತಪ್ಪು. ಪುಸ್ತಕವನ್ನು ಮುಖದ ಹತ್ತಿರ ಹಿಡಿಯುವ ಮಗುವಿಗೆ ದೃಷ್ಟಿದೋಷವಿರಬಹುದು. ಕಿವಿ ಸೋರುವ ಮಗುವಿಗೆ ಪಾಠ ಸರಿಯಾಗಿ ಕೇಳಿಸದಿರಬಹುದು. ಮುಖ ಬಿಳಿಚಿಕೊಂಡು ಬೇಗ ದಣಿಯುವ ಮಗುವಿಗೆ ರಕ್ತಹೀನತೆ ಇರಬಹುದು. ಇಂತಹ ಮಗುವನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆತನ್ನಿರಿ. ಅಂಗನವಾಡಿ ಮತ್ತು ಶಾಲೆಗಳಲ್ಲಿ ನಡೆಯುವ ಉಚಿತ ಆರೋಗ್ಯ ತಪಾಸಣೆಯ ದಿನ ಹಾಗೂ ಜಂತುಹುಳುವಿನ ಮಾತ್ರೆ ಕೊಡುವ ದಿನ ಮಕ್ಕಳನ್ನು ಮನೆಯಲ್ಲಿ ಉಳಿಸಿಕೊಳ್ಳಬೇಡಿರಿ.

ಹಿರಿಯ ಮಗಳ ಹೊರೆ

ಮನೆಯಲ್ಲಿ ದುಡಿಯುವ ಕುಟುಂಬಗಳಲ್ಲಿ ಒಂದು ಅನ್ಯಾಯ ಸದ್ದಿಲ್ಲದೆ ನಡೆಯುತ್ತದೆ. ವರ್ಷವರ್ಷಕ್ಕೆ ಹೆರಿಗೆಯಾಗಿ, ಕೈಗೂಸೊಂದು, ಅಂಬೆಗಾಲಿಡುವುದೊಂದು ಇರುವಾಗ ತಾಯಿ ಕೆಲಸಕ್ಕೆ ಕೂಡುವುದು ಕಷ್ಟ. ಆಗ ಒಂಬತ್ತು ಹತ್ತು ವರ್ಷದ ಹಿರಿಯ ಮಗಳನ್ನು "ಇವತ್ತೊಂದು ದಿನ" ಎಂದು ಶಾಲೆ ಬಿಡಿಸಿ ಕೂಸನ್ನು ಅವಳ ಕಂಕುಳಿಗೆ ಕೊಡುತ್ತಾರೆ. ಒಂದು ದಿನ ವಾರವಾಗುತ್ತದೆ, ವಾರ ತಿಂಗಳಾಗುತ್ತದೆ. ಕಡೆಗೆ ಅವಳು ಪಾಠದಲ್ಲಿ ಹಿಂದೆ ಬಿದ್ದು, ನಾಚಿಕೆಯಿಂದ ಶಾಲೆಯನ್ನೇ ತೊರೆಯುತ್ತಾಳೆ. ಶಾಲೆ ಬಿಟ್ಟ ಹುಡುಗಿಗೆ ಬಹುಬೇಗ ಮದುವೆಯ ಮಾತು ಬರುತ್ತದೆ. ಎಳೆಯ ವಯಸ್ಸಿನ ಬಸಿರು ಅವಳ ಜೀವಕ್ಕೂ ಅಪಾಯ, ಹುಟ್ಟುವ ಕೂಸಿಗೂ ಅಪಾಯ. ತಮ್ಮನ ತೊಟ್ಟಿಲು ತೂಗುವುದಕ್ಕಾಗಿ ಅಕ್ಕನ ಪುಸ್ತಕವನ್ನು ಮುಚ್ಚಬಾರದು.

2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯಿದೆಯಂತೆ 6ರಿಂದ 14 ವರ್ಷದ ಪ್ರತಿಯೊಂದು ಮಗುವಿಗೂ ಉಚಿತ ಹಾಗೂ ಕಡ್ಡಾಯ ಶಿಕ್ಷಣದ ಹಕ್ಕಿದೆ. ಬಾಲಕಾರ್ಮಿಕರ ಕಾಯಿದೆಗೆ 2016ರಲ್ಲಾದ ತಿದ್ದುಪಡಿಯಂತೆ, 14 ವರ್ಷದೊಳಗಿನ ಮಗು ಅಪಾಯವಿಲ್ಲದ ಮನೆತನದ ಕೆಲಸದಲ್ಲಿ ನೆರವಾಗಬಹುದಾದುದು ಶಾಲೆ ಬಿಟ್ಟ ನಂತರ ಅಥವಾ ರಜೆಯಲ್ಲಿ ಮಾತ್ರ. 3 ವರ್ಷ ತುಂಬಿದ ಮಗುವನ್ನು ಅಂಗನವಾಡಿಗೆ ಕಳುಹಿಸಿರಿ. ಅದಕ್ಕೂ ಚಿಕ್ಕ ಕೂಸುಗಳಿಗಾಗಿ 2023ರಲ್ಲಿ ರಾಜ್ಯ ಸರ್ಕಾರವು 4,000 ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ'ಗಳನ್ನು ತೆರೆಯುವುದಾಗಿ ಪ್ರಕಟಿಸಿತು. ನಿಮ್ಮ ಪಂಚಾಯಿತಿಯಲ್ಲಿ ಇಂತಹ ಸೌಲಭ್ಯವಿದೆಯೇ ಎಂದು ವಿಚಾರಿಸಿರಿ.

ಹೆರಿಗೆಗಳ ನಡುವೆ ಅಂತರ

ಈ ಹೊರೆಯನ್ನು ಬುಡದಲ್ಲಿಯೇ ಇಳಿಸುವ ಉಪಾಯ ದಂಪತಿಗಳ ಕೈಯಲ್ಲಿದೆ. ಎರಡು ಹೆರಿಗೆಗಳ ನಡುವೆ ಕನಿಷ್ಠ 3 ವರ್ಷ ಅಂತರವಿದ್ದರೆ ತಾಯಿಯ ದೇಹ ಚೇತರಿಸಿಕೊಳ್ಳುತ್ತದೆ. ಎರಡನೆಯ ಕೂಸು ಬರುವ ಹೊತ್ತಿಗೆ ಮೊದಲನೆಯದು ನಡೆದು, ಮಾತು ಕಲಿತು, ಅಂಗನವಾಡಿಯ ದಾರಿ ಹಿಡಿದಿರುತ್ತದೆ. ಪ್ರತಿಯೊಂದು ಮಗುವಿಗೂ ತಾಯಿಯ ಮಡಿಲು, ತಂದೆಯ ಮಾತು ಸಾಕಷ್ಟು ದೊರೆಯುತ್ತದೆ.

ಅಂತರವಿಡಲು ನಿರೋಧ್, ಕಾಪರ್-ಟಿ, ಮೂರು ತಿಂಗಳಿಗೊಮ್ಮೆ ಪಡೆಯುವ ಅಂತರಾ ಚುಚ್ಚುಮದ್ದು, ಛಾಯಾ ಮಾತ್ರೆ ಮುಂತಾದ ಸಾಧನಗಳು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ದೊರೆಯುತ್ತವೆ. ಹೆರಿಗೆಯಾದ 48 ಗಂಟೆಗಳೊಳಗೆ ಆಸ್ಪತ್ರೆಯಲ್ಲಿಯೇ ಕಾಪರ್-ಟಿ ಹಾಕಿಸಿಕೊಳ್ಳಬಹುದು. ಮಕ್ಕಳು ಇನ್ನು ಸಾಕೆನ್ನುವ ದಂಪತಿಗಳಲ್ಲಿ ಗಂಡನಿಗೆ ಮಾಡುವ ಚಿಕಿತ್ಸೆ ಬಲು ಸರಳ; ಅದರಲ್ಲಿ ಹೊಲಿಗೆ ಇಲ್ಲ, ದುಡಿಯುವ ಶಕ್ತಿಯೂ ಕುಂದುವುದಿಲ್ಲ. ಯಾವುದು ತಮಗೆ ಹೊಂದುತ್ತದೆಂಬುದನ್ನು ವೈದ್ಯರು, ಆರೋಗ್ಯ ಸಹಾಯಕಿ ಅಥವಾ ಆಶಾ ಕಾರ್ಯಕರ್ತೆಯನ್ನು ಕೇಳಿ ತಿಳಿದು ದಂಪತಿಗಳೇ ನಿರ್ಧರಿಸಬೇಕು.

ಮನೆಯ ದುಡಿಮೆ ಕುಟುಂಬಕ್ಕೆ ಅನ್ನ ಕೊಡುತ್ತದೆ. ಅದರ ಬೆಲೆಯನ್ನು ಮಕ್ಕಳ ಓದಿನಿಂದ ತೆರಬೇಕಾಗಿಲ್ಲ. ಈ ತಿಂಗಳು ನಿಮ್ಮ ಹಿರಿಯ ಮಗಳು ಎಷ್ಟು ದಿನ ಶಾಲೆಗೆ ಹೋಗಿದ್ದಾಳೆಂದು ಗಂಡಹೆಂಡಿರಿಬ್ಬರೂ ಇಂದು ರಾತ್ರಿ ಕುಳಿತು ಎಣಿಸಿ ನೋಡಿರಿ. ಮುಂದೆ ಏನು ಮಾಡಬೇಕೆಂಬುದನ್ನು ಆ ಎಣಿಕೆಯೇ ನಿಮಗೆ ಹೇಳುತ್ತದೆ.