ಸವನ್ನಾ ಭೂಮಿಯಲ್ಲಿ ಆನೆಯ ಮೇವು: ಒಂದು ಸಂಶೋಧನ ವ್ಯಾಸಂಗ

ಚಂದಾಪುರದಿಂದ ಆನೇಕಲ್ಲನ್ನು ದಾಟಿ ಬನ್ನೇರುಘಟ್ಟದ ಅರಣ್ಯದಂಚನ್ನು ಸೇರಿದರೆ, ಚದುರಿದ ಮರಗಳ ನಡುವೆ ಹುಲ್ಲು ಬೆಳೆದ ಒಣಗಾಡು ಕಾಣುವುದು. ಅಲ್ಲಿಂದ ರಾಗಿಯ ಹೊಲಗಳಿಗೆ ಆನೆಗಳು ಇಳಿಯುವ ಸುದ್ದಿಯನ್ನು ಕೇಳದವರು ಈ ತಾಲ್ಲೂಕಿನಲ್ಲಿ ವಿರಳ. ಮೇವಿರುವ ಕಾಡನ್ನು ಬಿಟ್ಟು ಆನೆಯು ಹೊಲಕ್ಕೆ ಬರುವುದೇಕೆ? ಈ ಪ್ರಶ್ನೆಯನ್ನು ತಮ್ಮ ಪಿಎಚ್.ಡಿ. ವ್ಯಾಸಂಗದ ಒಂದು ಭಾಗವನ್ನಾಗಿ ಮಾಡಿಕೊಂಡವರು ಆರ್. ಸುಕುಮಾರ್.

ಮದರಾಸಿನಲ್ಲಿ ಸಸ್ಯಶಾಸ್ತ್ರವನ್ನು ಓದಿದ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಮಾಧವ ಗಾಡ್ಗೀಳರ ಮಾರ್ಗದರ್ಶನದಲ್ಲಿ ಸಂಶೋಧನೆಗೆ ತೊಡಗಿದರು. 1980ರ ದಶಕದ ಮೊದಲ ವರ್ಷಗಳಲ್ಲಿ ಬಿಳಿಗಿರಿರಂಗನ ಬೆಟ್ಟ, ಚಾಮರಾಜನಗರ, ಸತ್ಯಮಂಗಲಗಳ ಕಾಡುಗಳಲ್ಲಿ ಕ್ಷೇತ್ರಕಾರ್ಯವನ್ನು ನಡೆಸಿ, 1985ರಲ್ಲಿ ಪದವಿಯನ್ನು ಪಡೆದರು. ಸಸ್ಯಶಾಸ್ತ್ರದ ಹಿನ್ನೆಲೆ ಇಲ್ಲಿ ವ್ಯರ್ಥವಾಗಲಿಲ್ಲ. ಆನೆಯ ಅಧ್ಯಯನವು ಬಹುಮಟ್ಟಿಗೆ ಹುಲ್ಲಿನ ಅಧ್ಯಯನವೇ ಸರಿ.

ಮಳೆ ಬಿದ್ದೊಡನೆ ಚಿಗುರುವ ಎಳೆಯ ಹುಲ್ಲನ್ನು ಆನೆಗಳು ಮೇಯುತ್ತವೆ. ಅದು ಬಲಿತು ನಾರಾದಾಗ ಸೊಪ್ಪು, ತೊಗಟೆಗಳಿಗೆ ತಿರುಗುತ್ತವೆ. ಹುಲ್ಲು ಒರಟಾಗುವ ಕಾಲದಲ್ಲಿಯೇ ರಾಗಿಯು ತೆನೆಗಟ್ಟುವುದು. ಅದರಲ್ಲಿ ಕಾಡುಹುಲ್ಲಿಗಿಂತ ಪ್ರೋಟೀನು, ಕ್ಯಾಲ್ಸಿಯಂ, ಸೋಡಿಯಂಗಳು ಹೆಚ್ಚು. ಹೆಣ್ಣಾನೆಗಳ ಹಿಂಡಿಗೆ ಸೇರಿದ ಆನೆಗಿಂತ ಪ್ರೌಢ ಗಂಡಾನೆಯು ಸುಮಾರು ಆರು ಪಟ್ಟು ರಾತ್ರಿಗಳಲ್ಲಿ ಹೊಲಕ್ಕೆ ನುಗ್ಗುವುದೆಂದು ಸುಕುಮಾರ್ ಮತ್ತು ಗಾಡ್ಗೀಳರು 1988ರಲ್ಲಿ ಪ್ರಕಟಿಸಿದರು. ಮೈ ಬೆಳೆದಷ್ಟೂ ಗಂಡಿಗೆ ಸಂತಾನಲಾಭವು ಹೆಚ್ಚಾದುದರಿಂದ ಅದು ಅಪಾಯಕ್ಕೆ ಅಂಜದು ಎಂಬುದು ಅವರ ವಿವರಣೆ. ಬೆಳೆಯನ್ನು ಕಳೆದುಕೊಂಡ ರೈತನಿಗೆ ಇದು ಸಮಾಧಾನವನ್ನೀಯದು. ಆದರೆ ಎಲ್ಲ ಆನೆಗಳೂ ಸಮಾನ ಅಪರಾಧಿಗಳಲ್ಲವೆಂಬ ತಿಳಿವಳಿಕೆ ಕಾವಲಿನ ಏರ್ಪಾಡಿಗೆ ಉಪಯುಕ್ತವೇ.

ಕಣ್ಣಿನಿಂದ ಕಂಡುದನ್ನು ಮೂಳೆಯಿಂದ ಪರೀಕ್ಷಿಸಿದುದು ಇನ್ನೂ ಸ್ವಾರಸ್ಯವಾದುದು. ಉಷ್ಣವಲಯದ ಬಹುಪಾಲು ಹುಲ್ಲುಗಳು ಇಂಗಾಲವನ್ನು ಹೀರುವ ರೀತಿ ಬೇರೆ, ಗಿಡಮರಗಳ ರೀತಿ ಬೇರೆ. ಆದಕಾರಣ ಹುಲ್ಲಿನಲ್ಲಿ ಇಂಗಾಲ-13 ಎಂಬ ಐಸೊಟೋಪಿನ ಪ್ರಮಾಣ ತುಸು ಹೆಚ್ಚು. ಮೂಳೆಯಲ್ಲಿನ ಕೊಲ್ಯಾಜನ್ ಎಂಬ ಪ್ರೋಟೀನಿನಲ್ಲಿ ಈ ಗುರುತು ಉಳಿಯುವುದು. ಸುಕುಮಾರ್ ಮತ್ತು ಆರ್. ರಮೇಶರು 1992ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ತಿಂದ ಪ್ರಮಾಣಕ್ಕೆ ಮೀರಿ ಸೊಪ್ಪಿನ ಇಂಗಾಲವೇ ಮೂಳೆಗೆ ಸೇರಿತ್ತು. ಸೊಪ್ಪಿನಲ್ಲಿ ಪ್ರೋಟೀನು ಅಧಿಕವಾಗಿರುವುದೇ ಇದಕ್ಕೆ ಕಾರಣವಿರಬಹುದು. ಇದಲ್ಲದೆ ಎಳೆಯ ಆನೆಗಳಲ್ಲಿ ಈ ಅಂಶವು ಒಂದರಿಂದೊಂದಕ್ಕೆ ಬಹಳ ಏರುಪೇರಾಗಿತ್ತು, ಪ್ರೌಢ ಆನೆಗಳಲ್ಲಿ ಅಷ್ಟಿರಲಿಲ್ಲ. ಬೆಳೆಯುವ ಮೂಳೆಯು ಬೇಗ ಹೊಸದಾಗುತ್ತ ಹಳೆಯ ಗುರುತನ್ನು ಅಳಿಸಿಬಿಡುತ್ತದೆ. ಆದುದರಿಂದ ಪ್ರಾಣಿಯ ವಯಸ್ಸನ್ನು ಅರಿಯದೆ ಮೂಳೆಯಿಂದ ಆಹಾರವನ್ನು ಊಹಿಸಲಾಗದು.

ಹುಲ್ಲು ಹರಡಿದ ಇಂಥ ಒಣಗಾಡುಗಳಲ್ಲಿ ಅನೇಕವನ್ನು ಸವನ್ನಾ ಎಂದೇ ಗಣಿಸಬೇಕೆಂದು ಜಯಶ್ರೀ ರತ್ನಂ, ಮಹೇಶ್ ಶಂಕರನ್ ಮೊದಲಾದವರು 2011ರಲ್ಲಿ ವಾದಿಸಿದರು. ಈ ವಿವಾದವು ಬರಿಯ ಹೆಸರಿನದಲ್ಲ: ಕೆಟ್ಟ ಕಾಡೆಂದು ಬಗೆದು ದಟ್ಟವಾಗಿ ಸಸಿಗಳನ್ನು ನೆಟ್ಟರೆ ನೆರಳಿನಲ್ಲಿ ಹುಲ್ಲು ಸಾಯುವುದು, ಆನೆಯ ಮುಂಗಾರಿನ ಮೇವೂ ಅದರೊಡನೆ ಹೋಗುವುದು.