ಬಿಟ್ಟದ್ದು, ಬಿಟ್ಟುಕೊಟ್ಟದ್ದು, ಕೈಬಿಟ್ಟದ್ದು

ಬೆಂಗಳೂರಿನಿಂದ ಬಳ್ಳಾರಿ ರಸ್ತೆ ಹಿಡಿದು ಉತ್ತರಕ್ಕೆ ಹೊರಟರೆ ಯಲಹಂಕ ದಾಟಿದ ಮೇಲೆ ಹುಣಸಮಾರನಹಳ್ಳಿ ಸಿಕ್ಕುತ್ತದೆ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲೆ ಈ ದಾರಿಯ ಇಕ್ಕೆಲದ ನೆಲಕ್ಕೆ ಬಂಗಾರದ ಬೆಲೆ ಬಂದಿದೆ. ಇಂಥ ಕಡೆ ‘ಬಿಡುವುದು’ ಎಂಬ ಮಾತು ಬರಿಯ ವ್ಯಾಕರಣದ ವಿಷಯವಾಗಿ ಉಳಿಯುವುದಿಲ್ಲ. ಒಬ್ಬರು ಜಮೀನು ಬಿಟ್ಟರು, ಬಿಟ್ಟುಕೊಟ್ಟರು, ಕೊಟ್ಟುಬಿಟ್ಟರು. ಮೂರೂ ಒಂದೇ ಎನ್ನುವಿರಾ? ಕೊಂಚ ತಾಳಿ.

‘ಬಿಟ್ಟರು’ ಎಂದರೆ ಹಿಡಿದಿದ್ದುದನ್ನು ಸಡಿಲಿಸಿದರು, ಅಷ್ಟೆ. ಆಮೇಲೆ ಅದು ಯಾರ ಪಾಲಾಯಿತೆಂಬುದನ್ನು ಈ ಮಾತು ಹೇಳುವುದಿಲ್ಲ. ಊರು ಬಿಟ್ಟರು, ನಶ್ಯ ಬಿಟ್ಟರು. ನಶ್ಯ ಬಿಟ್ಟದ್ದು ನೆರೆಮನೆಯವರು ಏರಿಸಿಕೊಳ್ಳಲೆಂದಲ್ಲ. ‘ಬಿಟ್ಟುಕೊಟ್ಟರು’ ಎಂದೊಡನೆ ಎದುರಿಗೆ ಇನ್ನೊಬ್ಬರು ಬಂದು ನಿಲ್ಲುತ್ತಾರೆ. ನನಗೆ ಹಕ್ಕಿತ್ತು, ಆದರೂ ಅವರಿಗಾಗಿ ಸರಿದೆ ಎಂಬ ಭಾವ ಅಲ್ಲಿದೆ. ಬಸ್ಸಿನಲ್ಲಿ ಹಿರಿಯರಿಗೆ ಸೀಟು ಬಿಟ್ಟುಕೊಡುತ್ತೇವಲ್ಲವೆ? ಇವೇ ಎರಡು ಕ್ರಿಯಾಪದಗಳನ್ನು ಹಿಂದುಮುಂದು ಮಾಡಿ ‘ಕೊಟ್ಟುಬಿಟ್ಟರು’ ಎನ್ನಿ. ಈಗ ‘ಬಿಡು’ ತನ್ನ ಅರ್ಥವನ್ನೇ ಬಿಟ್ಟು, ಕೆಲಸ ಮುಗಿದುಹೋಯಿತು, ಇನ್ನು ಹಿಂದಿರುಗುವಂತಿಲ್ಲ ಎಂಬುದನ್ನಷ್ಟೇ ಸೂಚಿಸುತ್ತದೆ.

‘ಕೈಬಿಡು’ ಎಂಬುದರ ಬಣ್ಣವೇ ಬೇರೆ. ಮನುಷ್ಯರನ್ನು ಕೈಬಿಟ್ಟರೆ ಅದು ನಿಂದೆ. ಯೋಜನೆಯನ್ನು ಕೈಬಿಟ್ಟರೆ ಕೆಲವೊಮ್ಮೆ ಹರ್ಷ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆ ಭೂಮಿಯನ್ನು ಕೈಗಾರಿಕೆಗಾಗಿ ಸ್ವಾಧೀನಪಡಿಸಿಕೊಳ್ಳಲು ಸರ್ಕಾರ ಹೊರಟಾಗ, ರೈತರು 2022ರಿಂದ ಮೂರು ವರ್ಷಕ್ಕೂ ಮೇಲ್ಪಟ್ಟು ಧರಣಿ ಕುಳಿತರು. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಆ ಸ್ವಾಧೀನವನ್ನು ಕೈಬಿಟ್ಟಿರುವುದಾಗಿ ಪ್ರಕಟಿಸಿದರು. ರೈತರು ಬಿಟ್ಟುಕೊಡಲಿಲ್ಲ, ಸರ್ಕಾರ ಕೈಬಿಟ್ಟಿತು. ‘ಸರ್ಕಾರ ಭೂಮಿಯನ್ನು ಬಿಟ್ಟುಕೊಟ್ಟಿತು’ ಎಂದು ಯಾರಾದರೂ ಬರೆದರೆ, ಆ ನೆಲ ಮೊದಲೇ ಸರ್ಕಾರದ್ದಾಗಿತ್ತೆಂದು ಒಪ್ಪಿದಂತಾಗುತ್ತದೆ.

‘ತ್ಯಾಗ’ವನ್ನು ನಾವು ಗೌರವಕ್ಕೆ ಮೀಸಲಿಟ್ಟಿದ್ದೇವೆ. ಅಣ್ಣನನ್ನು ಗೆದ್ದ ಬಾಹುಬಲಿ ಗೆದ್ದ ರಾಜ್ಯವನ್ನೇ ತ್ಯಜಿಸಿದ. ಸೋತವನಾಗಿದ್ದರೆ ತ್ಯಜಿಸಲು ಕೈಯಲ್ಲಿ ಏನಿರುತ್ತಿತ್ತು? ಆದರೆ ಅದರ ಹಿಂದೆ ‘ಪರಿ’ ಎಂದು ಸೇರಿಸಿ ‘ಸೀತಾ ಪರಿತ್ಯಾಗ’ ಎಂದಾಗ ಆ ಗೌರವ ಎಲ್ಲಿಯೋ ಮರೆಯಾಗುತ್ತದೆ. ‘ಭೂಮಿ ತ್ಯಾಗ ಮಾಡಿದ ರೈತರು’ ಎಂದು ವೇದಿಕೆಗಳಲ್ಲಿ ಕೇಳುತ್ತೇವೆ. ತ್ಯಾಗವೆಂಬುದು ತಾನಾಗಿ ಮಾಡುವಂಥದು. ನೋಟೀಸು ಕೊಟ್ಟು ಪಡೆದದ್ದಕ್ಕೆ ಆ ಹೆಸರಿಡುವುದು ನನಗಂತೂ ಒಪ್ಪುವುದಿಲ್ಲ.

ನಿರಾಸೆಯಿಂದ ಪ್ರಯತ್ನ ನಿಲ್ಲಿಸಿದವರು ‘ಕೈಚೆಲ್ಲಿ’ ಕೂರುತ್ತಾರೆ. ಸಂಬಂಧವನ್ನೇ ಕಡಿದುಕೊಂಡವರು ‘ಎಳ್ಳುನೀರು ಬಿಡುತ್ತಾರೆ’. ಮಗಳನ್ನು ಧಾರೆಯೆರೆಯುವುದೂ ನೀರಿನಿಂದಲೇ, ಹೋದವರಿಗೆ ತರ್ಪಣ ಬಿಡುವುದೂ ನೀರಿನಿಂದಲೇ. ನಡುವೆ ನಾಲ್ಕು ಕಾಳು ಎಳ್ಳು ಬಿದ್ದರೆ ಅರ್ಥ ತಲೆಕೆಳಗಾಗುತ್ತದೆ.

‘ರಾಜೀನಾಮೆ’ಯ ಕಥೆಯೂ ಸ್ವಾರಸ್ಯವಾದದ್ದು. ಪಾರಸಿಯ ಮೂಲಕ ಬಂದ ಈ ಪದಕ್ಕೆ ಮೊದಲಿನ ಅರ್ಥ ಒಪ್ಪಿಗೆಯ ಪತ್ರವೆಂದು. ‘ರಾಜಿ’ ಎಂಬಲ್ಲಿ ಅದು ಇಂದಿಗೂ ಉಳಿದಿದೆ. ಬ್ರಿಟಿಷರ ಕಾಲದ ಮುಂಬಯಿ ಪ್ರಾಂತದಲ್ಲಿ ರೈತನು ಸಾಗುವಳಿಯ ಹಕ್ಕನ್ನು ಬಿಡುವಾಗ ಬರೆದುಕೊಡುತ್ತಿದ್ದುದು ರಾಜೀನಾಮೆ. ಆ ನೆಲವನ್ನು ವಹಿಸಿಕೊಂಡವನು ಬರೆಯುತ್ತಿದ್ದುದು ಕಬೂಲಾಯ್ತಿ. ನೆಲ ಬಿಡುವ ಕಾಗದ ಈಗ ಕುರ್ಚಿ ಬಿಡುವ ಕಾಗದವಾಗಿದೆ.

ಇನ್ನು ನಿಮ್ಮ ಮನೆಗೂ ಬರಬಹುದಾದ ಒಂದು ಕಾಗದದ ಮಾತು. ಪಿತ್ರಾರ್ಜಿತ ಜಮೀನಿಗೆ ಬೆಲೆ ಬಂದಾಗ, ಮದುವೆಯಾಗಿ ಹೋದ ಹೆಣ್ಣುಮಕ್ಕಳನ್ನು ತವರಿನವರು ಸಹಿಗೆ ಕರೆಯುವುದುಂಟು. ಆ ಕಾಗದದ ಹೆಸರು ‘ಹಕ್ಕು ಬಿಡುಗಡೆ ಪತ್ರ’. ‘ಬಿಡುಗಡೆ’ ಎಷ್ಟು ಹಿತವಾದ ಮಾತು! ಸೆರೆಯಿಂದ ಬಿಡುಗಡೆ, ಸಾಲದಿಂದ ಬಿಡುಗಡೆ. ಆದರೆ ಇಲ್ಲಿ ಬಿಡುಗಡೆ ಹೊಂದುವುದು ಹೆಣ್ಣುಮಗಳಲ್ಲ. ಅವಳ ಹಕ್ಕಿನಿಂದ ಜಮೀನು ಬಿಡುಗಡೆ ಹೊಂದುತ್ತದೆ. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಗಂಡುಮಕ್ಕಳಷ್ಟೇ ಹಕ್ಕು, ಕರ್ನಾಟಕದಲ್ಲಿ 1994ರಿಂದ ಆಗಿನ್ನೂ ಮದುವೆಯಾಗದಿದ್ದ ಹೆಣ್ಣುಮಕ್ಕಳಿಗೂ, 2005ರ ಕೇಂದ್ರ ತಿದ್ದುಪಡಿಯಿಂದ ಮದುವೆಯಾದವರೂ ಸೇರಿ ಎಲ್ಲ ಹೆಣ್ಣುಮಕ್ಕಳಿಗೂ ಬಂದಿದೆ. 2005ರಲ್ಲಿ ತಂದೆ ಬದುಕಿರಬೇಕಿಲ್ಲವೆಂದು ಸುಪ್ರೀಂ ಕೋರ್ಟು 2020ರಲ್ಲಿ ಹೇಳಿತು.

ತಮ್ಮ ಬಂದು, ‘ಅಕ್ಕಾ, ಇಲ್ಲೊಂದು ಸಹಿ ಹಾಕಿಬಿಡು’ ಎನ್ನುತ್ತಾನೆ. ಆ ‘ಹಾಕಿಬಿಡು’ವಿನ ‘ಬಿಡು’ ಯಾವುದೆಂದು ನಿಮಗೀಗ ಗೊತ್ತು. ಅಕ್ಕನು ಬಿಟ್ಟುಕೊಡಲೂಬಹುದು, ಅರಿಸಿನ ಕುಂಕುಮಕ್ಕೆಂದು ಕೊಟ್ಟದ್ದನ್ನು ಸಂತೋಷದಿಂದ ಪಡೆಯಲೂಬಹುದು. ಅದು ಅವಳ ಇಷ್ಟ. ಯಾವ ಸರ್ವೆ ನಂಬರು, ಎಷ್ಟು ಗುಂಟೆ, ಯಾರ ಪರವಾಗಿ, ಎಷ್ಟು ಹಣಕ್ಕೆ ಎಂಬುದನ್ನು ಸಬ್ ರಿಜಿಸ್ಟ್ರಾರ್ ಕಛೇರಿಯ ಮೆಟ್ಟಿಲು ಹತ್ತುವ ಮೊದಲೇ, ಮನೆಯ ಜಗಲಿಯ ಮೇಲೆ ಕುಳಿತು, ಒಮ್ಮೆ ಗಟ್ಟಿಯಾಗಿ ಓದಿಸಿಕೊಳ್ಳಲಿ.